ಓದಿದರೆ ಬೀಳದ ಗಂಟು

ನೇಕಾರರ ಗಂಟು ಹಾಕುವುದು ಹೀಗೆ. ಕಡಿದ ಎಳೆಯ ಎರಡೂ ತುದಿಗಳನ್ನು ಎಡಗೈಯ ಹೆಬ್ಬೆರಳು, ತೋರುಬೆರಳ ನಡುವೆ ಒಂದರ ಮೇಲೊಂದು ಅಡ್ಡ ಬರುವಂತೆ ಹಿಡಿಯಬೇಕು. ಬಲಗಡೆಯ ಎಳೆಯನ್ನು ಹೆಬ್ಬೆರಳ ಮೇಲಿಂದ ಸುತ್ತಿ, ಅದರದೇ ತುದಿಯ ಹಿಂದಿನಿಂದ ತಂದು, ಎರಡು ತುದಿಗಳ ನಡುವೆ ಹಾಯಿಸಬೇಕು. ಉಳಿದ ತುದಿಯನ್ನು ಮಡಚಿ ಹೆಬ್ಬೆರಳ ಮೇಲಿನ ಕುಣಿಕೆಯೊಳಗೆ ತೂರಿಸಿ ಬಲಗಡೆಯ ಎಳೆಯನ್ನು ಜಗ್ಗಿದರೆ ಗಂಟು ಬಿಗಿಯುತ್ತದೆ.

ಎರಡು ತುಂಡು ದಾರ ತೆಗೆದುಕೊಂಡು ಮೇಲಿನ ಸಾಲುಗಳನ್ನು ಓದುತ್ತ ಗಂಟು ಹಾಕಿ ನೋಡಿ. ಮೊದಲ ಸಲಕ್ಕೆ ಬಿದ್ದರೆ ನಿಮ್ಮ ಬೆರಳು ಪುಣ್ಯ ಮಾಡಿವೆ. ಇಚಲಕರಂಜಿಯ ಮಗ್ಗದ ಶೆಡ್ಡುಗಳಲ್ಲಿ ಇದೇ ಗಂಟನ್ನು ಕಣ್ಣು ಪಕ್ಕದ ಮಗ್ಗದ ಮೇಲಿಟ್ಟುಕೊಂಡೇ ಹಾಕುವವರಿದ್ದಾರೆ. ಅವರಲ್ಲಿ ಓದಿ ಕಲಿತವರು ಯಾರೂ ನನಗೆ ಸಿಕ್ಕಿಲ್ಲ. ಅಣ್ಣನೋ ಅತ್ತೆಯೋ ಪಕ್ಕದಲ್ಲಿ ನಿಂತು, ಬೆರಳು ಹಿಡಿದು, "ಹಿಂಗ ಅಲ್ಲ, ಹಿಂಗ" ಎಂದು ಕಲಿಸಿದ ವಿದ್ಯೆ ಅದು.

ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಅಮೆರಿಕದ ಕಾರ್ಖಾನೆಗಳಿಗೆ ಹೊಸ ಕೆಲಸಗಾರರು ಗುಂಪುಗುಂಪಾಗಿ ಬಂದರು. ಅವರಿಗೆ ಕೆಲಸ ಕಲಿಸುವ ಮೇಸ್ತ್ರಿಗಳಿಗೇ ಕಲಿಸುವುದು ಗೊತ್ತಿರಲಿಲ್ಲ. ಆಗ ಸರ್ಕಾರ ನಡೆಸಿದ 'ಟ್ರೇನಿಂಗ್ ವಿಥಿನ್ ಇಂಡಸ್ಟ್ರಿ' ಎಂಬ ಯೋಜನೆ 1940ರಿಂದ 1945ರವರೆಗೆ ಇತ್ತು. ಸುಮಾರು ಹತ್ತು ಜನ ಸುಪರ್‌ವೈಜರರ ಒಂದು ಗುಂಪು, ದಿನಕ್ಕೆ ಎರಡು ಗಂಟೆಯಂತೆ ಐದು ಕೂಟ, ಒಟ್ಟು ಹತ್ತೇ ಗಂಟೆ. ಅದರಲ್ಲೂ ಒಂದು ಗಂಟಿನ ಪಾಠವಿತ್ತು. ಅದು ದೀಪದ ವಯರಿಗೆ ಹಾಕುವ ಎಲೆಕ್ಟ್ರಿಷಿಯನ್ನರ ಗಂಟು. ತರಬೇತುದಾರ ಒಬ್ಬನನ್ನು ಎದ್ದು ನಿಲ್ಲಿಸಿ ಮೊದಲು ಬರೀ ಬಾಯಿಯಲ್ಲಿ ಹೇಳುತ್ತಿದ್ದ. ಗಂಟು ಬೀಳುತ್ತಿರಲಿಲ್ಲ. ಆಮೇಲೆ ಏನೂ ಮಾತಾಡದೆ ಬರೀ ಮಾಡಿ ತೋರಿಸುತ್ತಿದ್ದ. ಆಗಲೂ ಬೀಳುತ್ತಿರಲಿಲ್ಲ. ಕೊನೆಗೆ ಕಲಿಯುವವನನ್ನು ಪಕ್ಕಕ್ಕೆ ಕರೆದುಕೊಂಡು, ಒಂದೊಂದೇ ಹಂತ ತೋರಿಸಿ, ಎಲ್ಲಿ ಎಚ್ಚರ ಬೇಕೆಂದು ಹೇಳಿ, ಅವನ ಕೈಯಿಂದಲೇ ಮಾಡಿಸಿ, ಮಾಡುತ್ತ ಬಾಯಿಬಿಟ್ಟು ಹೇಳಿಸುತ್ತಿದ್ದ. ಆಗ ಗಂಟು ಬೀಳುತ್ತಿತ್ತು. ಹತ್ತು ಜನರ ಕಣ್ಣೆದುರೇ ಮೂರು ಮಾಧ್ಯಮಗಳ ಪರೀಕ್ಷೆ ಹತ್ತಿಪ್ಪತ್ತು ನಿಮಿಷದಲ್ಲಿ ಮುಗಿಯುತ್ತಿತ್ತು.

ನಾನು ಇಲ್ಲಿ ಬರೆಯಹೊರಟಿರುವುದು ಗಂಟಿಗಿಂತ ಕಷ್ಟದ ವಿದ್ಯೆಯ ಬಗ್ಗೆ. ಅದು ಕೆಳಗಿನವರಿಂದ ಕೆಲಸ ಮಾಡಿಸುವ ವಿದ್ಯೆ. ಅದನ್ನು ದೊಡ್ಡವರಿಗೆ, ಮೀಸೆ ಬಂದವರಿಗೆ, ಸಂಸಾರಸ್ಥರಿಗೆ ಕಲಿಸುವಾಗ ಯಾವ ಮಾಧ್ಯಮ ಎಷ್ಟು ದೂರ ಬರುತ್ತದೆ, ಎಲ್ಲಿ ಕೈಬಿಡುತ್ತದೆ ಎಂಬುದು ನಮ್ಮ ಕಡೆ ತುರ್ತಿನ ಪ್ರಶ್ನೆ.

ನಮ್ಮ ಕಡೆ ಎಂದರೆ ಮಹಾರಾಷ್ಟ್ರದ ಗಡಿಭಾಗದ ಗಡಹಿಂಗ್ಲಜ ತಾಲ್ಲೂಕಿನ ಮಹಾಗಾಂವ. ಸಂಕೇಶ್ವರದಿಂದ ಬರುವ ರಸ್ತೆ ಗಡಹಿಂಗ್ಲಜ ದಾಟಿ ಆಜರೆಯ ಕಡೆ ಹೋಗುವಾಗ ಸಿಗುವ ಊರು. ಇಲ್ಲಿ ಇಂಜಿನಿಯರಿಂಗ್ ಕಾಲೇಜಿದೆ, ಪಾಲಿಟೆಕ್ನಿಕ್ ಇದೆ. ಡಿಪ್ಲೊಮಾ ಮುಗಿಸಿದ ಹುಡುಗ ಕೋಲ್ಹಾಪುರದ ಶಿರೋಲಿಗೋ ಗೋಕುಲ ಶಿರಗಾಂವಿಗೋ ಹೋಗಿ ಫೌಂಡ್ರಿಯಲ್ಲಿ ಸುಪರ್‌ವೈಜರ್ ಆಗಿ ಸೇರುತ್ತಾನೆ. ಇಪ್ಪತ್ತೆರಡರ ವಯಸ್ಸಿಗೆ ಅವನ ಕೈಕೆಳಗೆ ಇಪ್ಪತ್ತೈದು ವರ್ಷ ಎರಕ ಹೊಯ್ದವರು ಇರುತ್ತಾರೆ. ಇಚಲಕರಂಜಿಯಲ್ಲಿ ನಡೆಯುವುದು ಇದರ ಉಲ್ಟಾ. 1904ರಲ್ಲಿ ವಿಠ್ಠಲರಾವ್ ದಾತಾರರು ಮೊದಲ ಪವರ್‌ಲೂಮ್ ತಂದ ಆ ಊರಿನಲ್ಲಿ ಜಾಬರ್, ಅಂದರೆ ಮಗ್ಗಗಳ ಮೇಸ್ತ್ರಿ, ಆಗುವವನು ಮಗ್ಗದಿಂದಲೇ ಮೇಲೆ ಬಂದವನು. ಯಂತ್ರ ಅವನಿಗೆ ಬಾಯಿಪಾಠ. ಆದರೆ ನಿನ್ನೆವರೆಗೆ ಜತೆಗೆ ಚಹಾ ಕುಡಿದವನಿಗೆ ಇವತ್ತು "ನೀ ಮಾಡಿದ್ದು ತಪ್ಪು" ಎಂದು ಹೇಳುವುದು ಹೇಗೆಂದು ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಒಬ್ಬನಿಗೆ ಕೆಲಸದ ಅನುಭವ ಇಲ್ಲ, ಇನ್ನೊಬ್ಬನಿಗೆ ಮಾತಿನ ಅಭ್ಯಾಸ ಇಲ್ಲ. ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಸ್ಲೈಡು ತೋರಿಸುವುದು ವಾಡಿಕೆ.

ಅಂಥ ಒಂದು ಕೋಣೆಯಲ್ಲಿ ನಾನೂ ಕೂತಿದ್ದೆ. ಊರು, ಕಂಪನಿಯ ಹೆಸರು ಬೇಡ. ಊಟದ ನಂತರದ ಹೊತ್ತು, ದೀಪ ಆರಿಸಿದ್ದರು. 'ನಾಯಕತ್ವ' ಎಂಬ ದೊಡ್ಡ ಅಕ್ಷರದ ಕೆಳಗೆ ಏಳು ಚುಕ್ಕೆ, ಏಳು ಇಂಗ್ಲಿಷ್ ಪದ. ರಾತ್ರಿಪಾಳಿ ಮುಗಿಸಿ ನೇರವಾಗಿ ಬಂದಿದ್ದ ಇಬ್ಬರು ಮೂರನೇ ಸ್ಲೈಡಿಗೆ ನಿದ್ದೆಹೋದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಆ ದಿನದ ಪಾಳಿಯ ಪಗಾರ ಬಿಟ್ಟು ಬಂದವರಿಗೆ ನಾವು ಏನನ್ನೂ ಕೊಡದೆ ಕಳಿಸುತ್ತಿದ್ದೇವೆ ಅನಿಸಿ ಹೊಟ್ಟೆಯೊಳಗೆ ಸಂಕಟವಾಯಿತು. ಮಾಧ್ಯಮಗಳನ್ನು ಹೋಲಿಸಿ ನೋಡುವ ಕೆಲಸ ನನಗೆ ಅಂಟಿಕೊಂಡದ್ದು ಅಲ್ಲಿಂದ.

ಶಿಕ್ಷಣ ಸಂಶೋಧಕರಲ್ಲಿ ಈ ಬಗ್ಗೆ ಹಳೆಯ ಜಗಳವೊಂದಿದೆ. 1983ರಲ್ಲಿ ಅಮೆರಿಕದ ರಿಚರ್ಡ್ ಕ್ಲಾರ್ಕ್, ಮಾಧ್ಯಮ ಬರೀ ಸರಕು ಸಾಗಿಸುವ ಲಾರಿ, ಊಟದ ಸತ್ವ ಲಾರಿಯಿಂದ ಬರುವುದಿಲ್ಲ ಎಂಬರ್ಥದ ಮಾತು ಬರೆದರು. ರಾಬರ್ಟ್ ಕೊಜ್ಮಾ ಮುಂತಾದವರು ಒಪ್ಪಲಿಲ್ಲ, ಕೆಲವು ಸರಕಿಗೆ ಕೆಲವು ಗಾಡಿಯೇ ಬೇಕು ಎಂದರು. ನನಗೆ ಕಂಡ ಮಟ್ಟಿಗೆ ಕ್ಲಾರ್ಕ್ ಹೇಳಿದ್ದು ಮುಕ್ಕಾಲು ಪಾಲು ಖರೆ. ಉಳಿದ ಕಾಲು ಪಾಲು ನಮ್ಮ ಗಡಿಯಲ್ಲಿ ಬಹಳ ದೊಡ್ಡದು, ಏಕೆಂದರೆ ಇಲ್ಲಿ ಗಾಡಿ ಆರಿಸುವಾಗ ಭಾಷೆಯನ್ನೂ ಆರಿಸಿದಂತಾಗುತ್ತದೆ.

ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಗಡಹಿಂಗ್ಲಜದ ಕಡೆಯ ಎಷ್ಟೋ ಕನ್ನಡ ಮನೆಗಳಲ್ಲಿ ಮಾತು ಕನ್ನಡ, ಬರಹ ಮರಾಠಿ. ಮಕ್ಕಳು ಮರಾಠಿ ಶಾಲೆಯಲ್ಲಿ ಓದಿದವರು. ಅವ್ವನ ಜತೆ, ದನದ ಜತೆ, ದೇವರ ಜತೆ ಕನ್ನಡ. ಹಾಜರಿ ಪುಸ್ತಕದಲ್ಲಿ, ಬ್ಯಾಂಕಿನ ಚೀಟಿಯಲ್ಲಿ ಮರಾಠಿ. ಬಿಹಾರದಿಂದ, ಉತ್ತರ ಪ್ರದೇಶದಿಂದ ಬಂದ ಕೆಲಸಗಾರನ ಜತೆ ಹಿಂದಿ. ಯಂತ್ರದ ಮೇಲಿನ ಪಟ್ಟಿಯಲ್ಲಿ ಇಂಗ್ಲಿಷ್. ಇಂಥ ಸುಪರ್‌ವೈಜರನ ಕೈಗೆ ಕನ್ನಡದಲ್ಲಿ ಅಚ್ಚುಮಾಡಿದ ಕೈಪಿಡಿ ಕೊಟ್ಟರೆ ಪ್ರೀತಿಯಿಂದ ತೆಗೆದುಕೊಂಡು ಹೋಗಿ ಮಾಡದಲ್ಲಿ ಇಡುತ್ತಾನೆ, ಓದಲಾರ. ಮರಾಠಿಯ ಕೈಪಿಡಿ ಕೊಟ್ಟರೆ ಓದುತ್ತಾನೆ. ಆದರೆ ಸಿಟ್ಟು, ಸಮಾಧಾನ, ಸಲಿಗೆ ಇವೆಲ್ಲ ಅವನ ನಾಲಿಗೆಯಲ್ಲಿ ಕನ್ನಡದಲ್ಲೇ ಹುಟ್ಟುತ್ತವೆ. ಆದ್ದರಿಂದ ಕಾಗದ ಮರಾಠಿಯಲ್ಲಿರಲಿ, ಮಾತು ಕನ್ನಡದಲ್ಲಿರಲಿ, ಕೆಲಸಗಾರನ ಪಾತ್ರ ಹಿಂದಿ ಆಡಲಿ. ಇದನ್ನು ಯಾವ ತರಬೇತಿ ಪುಸ್ತಕವೂ ಹೇಳುವುದಿಲ್ಲ, ಆದರೆ ನಮ್ಮಲ್ಲಿ ಪಾಠ ಹತ್ತುವುದೂ ಬಿಡುವುದೂ ಇಲ್ಲಿಯೇ.

ಈಗ ಒಂದೊಂದೇ ಮಾಧ್ಯಮ.

ಭಾಷಣ ಮತ್ತು ಸ್ಲೈಡು ಅಗ್ಗ. ಒಂದೇ ಸಲಕ್ಕೆ ಐವತ್ತು ಜನಕ್ಕೆ ಸಾಲುತ್ತದೆ. ಹೊಸ ನಿಯಮ ಬಂತು, ರಜೆಯ ಲೆಕ್ಕ ಬದಲಾಯಿತು, ಅಪಘಾತವಾದರೆ ಯಾರಿಗೆ ಮೊದಲು ತಿಳಿಸಬೇಕು, ಇಂಥದ್ದಕ್ಕೆ ಅದು ಸಾಕು. ಅದರಿಂದ ನಡವಳಿಕೆ ಬದಲಾಗಲೆಂದು ಕಾಯುವುದು ಬೇಡ.

ಕಾಗದದ ಬಲ ಇರುವುದು ಕಿಸೆಯಲ್ಲಿ. ದಪ್ಪ ಕೈಪಿಡಿಗಿಂತ ಅಂಗಿಯ ಕಿಸೆಗೆ ಹಿಡಿಸುವ ಒಂದು ಗಟ್ಟಿ ಕಾರ್ಡು ಮೇಲು. ಮೇಲೆ ಹೇಳಿದ ಯುದ್ಧಕಾಲದ ಯೋಜನೆಯವರು ಇದನ್ನು ಚೆನ್ನಾಗಿ ಅರಿತಿದ್ದರು. ಹತ್ತು ಗಂಟೆಯ ಪಾಠದ ಸಾರವನ್ನು ಒಂದು ಪುಟ್ಟ ಕಾರ್ಡಿನ ಎರಡು ಬದಿಗೆ ಇಳಿಸಿದ್ದರು. ಜನರ ಜತೆಗಿನ ತಕರಾರಿಗೆ ಅವರ ಕಾರ್ಡಿನಲ್ಲಿದ್ದ ನಾಲ್ಕು ಹಂತಗಳನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ: ಮೊದಲು ಏನಾಯಿತೆಂದು ಪೂರಾ ತಿಳಿದುಕೋ; ತೂಗಿ ನೋಡಿ ನಿರ್ಧರಿಸು; ಮಾಡಬೇಕಾದ್ದನ್ನು ಮಾಡು; ಆಮೇಲೆ ಹೋಗಿ ಫಲ ನೋಡು. ಹಾಳೆ ಮಸಿಯಾಗದಂತೆ ಪ್ಲಾಸ್ಟಿಕ್ ಹೊದಿಸಿ ಕೊಟ್ಟರೆ ಫೌಂಡ್ರಿಯಲ್ಲೂ ಬಾಳುತ್ತದೆ. ಆದರೆ ಕಾರ್ಡು ನೆನಪು ಮಾಡಿಕೊಡುತ್ತದೆ ಅಷ್ಟೇ. ಒಮ್ಮೆಯೂ ಮಾಡದ್ದನ್ನು ಅದು ಕಲಿಸಲಾರದು.

ಕಾರ್ಡೊಂದೇ ಸಾಲದು ಎಂಬುದಕ್ಕೆ ಗಟ್ಟಿ ಪುರಾವೆ ಇದೆ. 1979ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಗ್ಯಾರಿ ಲೇಥಮ್ ಮತ್ತು ಲೀಸ್ ಸಾರಿ ಅಮೆರಿಕದ ಒಂದು ಕಂಪನಿಯ 40 ಸುಪರ್‌ವೈಜರರನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿದರು. 20 ಜನಕ್ಕೆ ವಾರಕ್ಕೆ ಎರಡು ಗಂಟೆಯಂತೆ ಒಂಬತ್ತು ವಾರ ತರಬೇತಿ. ಹೊಸಬನನ್ನು ಬರಮಾಡಿಕೊಳ್ಳುವುದು, ಮೆಚ್ಚಿ ಮಾತಾಡುವುದು, ಗೈರುಹಾಜರಿ ಕಡಿಮೆ ಮಾಡುವುದು, ದೂರು ಹೇಳುವವನ ಮಾತು ಕೇಳುವುದು ಹೀಗೆ ವಾರಕ್ಕೊಂದು ವಿಷಯ. ಪ್ರತಿ ವಾರವೂ ಚಿಕ್ಕ ಚಿತ್ರ ನೋಡುವುದು, ಚರ್ಚೆ ಮಾಡುವುದು, ಒಬ್ಬರ ಎದುರು ಒಬ್ಬರು ಆಡಿ ತೋರಿಸುವುದು, ಬಾಕಿಯವರು ಹೇಗಿತ್ತೆಂದು ಹೇಳುವುದು. ಉಳಿದ 20 ಜನರಲ್ಲಿ ಕೆಲವರಿಗೆ ಪರೀಕ್ಷೆಯ ಹೊತ್ತಿಗೆ ಬರೀ ಮುಖ್ಯಾಂಶಗಳ ಕಾಗದ ಕೊಟ್ಟರು. ಕಾಗದ ಪಡೆದವರಿಗೆ ಏನು ಮಾಡಬೇಕೆಂಬುದು ಗೊತ್ತಾಯಿತು, ಮಾಡಲು ಬರಲಿಲ್ಲ. ತರಬೇತಿ ಪಡೆದವರ ಕೆಲಸ ಒಂದು ವರ್ಷದ ನಂತರವೂ ಮೇಲಾಗಿತ್ತು. ಆಮೇಲೆ ಉಳಿದ ಗುಂಪಿಗೂ ಅದೇ ತರಬೇತಿ ಕೊಟ್ಟಾಗ ಎರಡರ ನಡುವಿನ ಅಂತರ ಮಾಯವಾಯಿತು.

ವಿಡಿಯೊದ ಬಗ್ಗೆ ನನಗೆ ಹೆಚ್ಚು ಹೇಳಲಿಕ್ಕಿದೆ. ಅಮೆರಿಕದ ಶಿಕ್ಷಣ ಇಲಾಖೆ 1944ರ ಹೊತ್ತಿಗೇ ಸುಪರ್‌ವೈಜರರ ತೊಂದರೆಗಳ ಮೇಲೆ ಕಿರುಚಿತ್ರಗಳ ಸಾಲನ್ನೇ ತೆಗೆಸಿತ್ತು. ಇವತ್ತು ಆ ಕೆಲಸವನ್ನು ಎಂಟು ಸಾವಿರದ ಫೋನು ಮಾಡುತ್ತದೆ. ಮಾತಿನಲ್ಲಿ ಹೇಳಲಾಗದ್ದನ್ನು ವಿಡಿಯೊ ತೋರಿಸುತ್ತದೆ: ಎಷ್ಟು ದೂರ ನಿಲ್ಲಬೇಕು, ಕೈ ಎಲ್ಲಿರಬೇಕು, ಕೇಳಿದ ಮೇಲೆ ಎಷ್ಟು ಹೊತ್ತು ಸುಮ್ಮನಿರಬೇಕು. ಆ ಸುಮ್ಮನಿರುವುದನ್ನು ಯಾವ ಪುಸ್ತಕವೂ ಕಲಿಸದು.

ಒಂದೇ ಪ್ರಸಂಗದ ಎರಡು ಚಿತ್ರ ತೆಗೆದುಕೊಳ್ಳಿ. ಒಬ್ಬ ಮೂರನೇ ದಿನವೂ ಅರ್ಧ ಗಂಟೆ ತಡವಾಗಿ ಬಂದಿದ್ದಾನೆ. ಮೊದಲ ಚಿತ್ರದಲ್ಲಿ ಸುಪರ್‌ವೈಜರ್ ಬಾಗಿಲಲ್ಲೇ, ಎಲ್ಲರ ಮುಂದೆ, "ಮನಿಯಾಗ ಮಲ್ಕೊಂಡಿರು, ನಾಳಿಂದ ಬರಬ್ಯಾಡ" ಎನ್ನುತ್ತಾನೆ. ಕೆಲಸಗಾರ ತಲೆ ತಗ್ಗಿಸುತ್ತಾನೆ. ಪಕ್ಕದ ಇಬ್ಬರು ಮುಖ ಮುಖ ನೋಡಿಕೊಳ್ಳುತ್ತಾರೆ. ಎರಡನೆಯದರಲ್ಲಿ ಅದೇ ಸುಪರ್‌ವೈಜರ್ ಅವನನ್ನು ಯಂತ್ರ ಹಚ್ಚಲು ಬಿಡುತ್ತಾನೆ. ಚಹಾದ ಹೊತ್ತಿಗೆ ನೀರಿನ ಟಾಕಿಯ ಹತ್ತಿರ ಕರೆದು, "ಮೂರು ದಿನ ಆತು, ಏನರ ಆಗೇದೇನು?" ಎಂದು ಕೇಳಿ ಸುಮ್ಮನೆ ನಿಲ್ಲುತ್ತಾನೆ. ಆರು ಸೆಕೆಂಡು ಕಳೆಯುತ್ತದೆ. ನೋಡುವವರಿಗೆ ಆ ಆರು ಸೆಕೆಂಡು ಬಹಳ ದೊಡ್ಡದು. ಏಳನೆಯದಕ್ಕೆ ಅವನು ಬಾಯಿಬಿಡುತ್ತಾನೆ. ಹೆಂಡತಿಯ ಹೆರಿಗೆಯಾಗಿದೆ, ಬೆಳಿಗ್ಗೆ ದವಾಖಾನೆಗೆ ಬುತ್ತಿ ಕೊಟ್ಟು ಬರಬೇಕು. ಸುಪರ್‌ವೈಜರ್ ಕರಗಿಹೋಗುವುದಿಲ್ಲ, "ಶನಿವಾರದ ತನಕ ಎರಡನೇ ಪಾಳಿ ಮಾಡು, ಸೋಮವಾರ ಟೈಮಿಗೆ ಬಾ, ಸೋಮವಾರ ನಾನೇ ಬಂದು ಕೇಳ್ತೀನಿ" ಎಂದು ದಿನ ಹೇಳಿ ಮುಗಿಸುತ್ತಾನೆ.

ಸರಿಯಾದದ್ದನ್ನಷ್ಟೇ ತೋರಿಸಿದರೆ ಸಾಲದೇ, ತಪ್ಪಿನ ಚಿತ್ರ ಯಾಕೆ ಎಂದು ಬಹಳ ಜನ ಕೇಳುತ್ತಾರೆ. 2005ರಲ್ಲಿ ಪ್ರಕಟವಾದ, 117 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆಯೊಂದು ಇದಕ್ಕೆ ಉತ್ತರ ಕೊಡುತ್ತದೆ. ತಪ್ಪು ಮತ್ತು ಸರಿ ಎರಡನ್ನೂ ತೋರಿಸಿದಾಗ, ಆಡುವ ಪ್ರಸಂಗಗಳನ್ನು ಕಲಿಯುವವರೇ ತಂದಾಗ, ಅವರ ಮೇಲಿನ ಸಾಹೇಬರಿಗೂ ಅದೇ ತರಬೇತಿ ಸಿಕ್ಕಾಗ, ಕಲಿತದ್ದು ಕೆಲಸದ ಜಾಗಕ್ಕೆ ಹೆಚ್ಚು ಬರುತ್ತದೆ. ತಪ್ಪಿನ ಚಿತ್ರದಲ್ಲಿ ನೋಡುವವನು ತನ್ನನ್ನೇ ಕಾಣುತ್ತಾನೆ. ಅದನ್ನು ಕಂಡ ಮೇಲೆ ಸರಿಯಾದ ಚಿತ್ರವನ್ನು ಅವನು ನೋಡುವ ಕಣ್ಣೇ ಬೇರೆ.

ವಿಡಿಯೊದಲ್ಲಿ ಯಾರಿರಬೇಕು ಎಂಬುದಕ್ಕೆ ಕರ್ನಾಟಕದ್ದೇ ಪಾಠವಿದೆ. ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದಲ್ಲಿ 2006ರಲ್ಲಿ ರಿಕಿನ್ ಗಾಂಧಿ ಮತ್ತು ಜತೆಗಾರರು 'ಡಿಜಿಟಲ್ ಗ್ರೀನ್' ಎಂಬ ರೈತರ ವಿಡಿಯೊ ಯೋಜನೆ ಶುರುಮಾಡಿದರು. ಗ್ರೀನ್ ಫೌಂಡೇಶನ್ ಎಂಬ ಸಂಸ್ಥೆಯ ಜತೆ ಸೇರಿ ಕರ್ನಾಟಕದ 16 ಹಳ್ಳಿಗಳಲ್ಲಿ 13 ತಿಂಗಳು ಹೋಲಿಸಿ ನೋಡಿದರು. ಅಧಿಕಾರಿ ಬಂದು ಹೇಳಿ ಹೋಗುವ ಹಳೆಯ ಪದ್ಧತಿಗಿಂತ, ಅದೇ ಸುತ್ತಿನ ರೈತರೇ ಕಾಣಿಸಿಕೊಂಡ ವಿಡಿಯೊ ತೋರಿಸಿದಲ್ಲಿ ಹೊಸ ಪದ್ಧತಿ ಹಿಡಿದವರು ಏಳು ಪಟ್ಟು. ನನಗೆ ಮುಖ್ಯವೆನಿಸಿದ್ದು ವಿಡಿಯೊದ ಪಕ್ಕ ನಿಂತವರು. ಊರಿನವರೇ ಒಬ್ಬರು ಚಿತ್ರವನ್ನು ನಡುನಡುವೆ ನಿಲ್ಲಿಸಿ, "ಇವ ಯಾಕ ಹೀಂಗ ಮಾಡಿದ? ನಿಮ್ಮ ಹೊಲದಾಗ ಆಗ್ತೈತೇನು?" ಎಂದು ಕೇಳುತ್ತಿದ್ದರು. ಅವರಿಲ್ಲದೆ ಓಡಿಸಿದರೆ ವಿಡಿಯೊ ಬರೀ ಸಿನೆಮಾ. ಕಾರ್ಖಾನೆಯಲ್ಲೂ ಬೇರೆ ರಾಜ್ಯದ ಹೊಳೆಯುವ ಆಫೀಸಿನ ಚಿತ್ರಕ್ಕಿಂತ ನಮ್ಮದೇ ನೀರಿನ ಟಾಕಿಯ ಪಕ್ಕ ಫೋನಿನಲ್ಲಿ ತೆಗೆದ ಮೂರು ನಿಮಿಷದ ಚಿತ್ರ ಗಟ್ಟಿ ಕೆಲಸ ಮಾಡುತ್ತದೆ.

ಧ್ವನಿಯ ವಿಷಯದಲ್ಲಿ ಇನ್ನೂ ಹಳೆಯ ಪ್ರಯೋಗ ನಮ್ಮ ಪಕ್ಕದಲ್ಲೇ ನಡೆದಿತ್ತು. 1956ರಲ್ಲಿ ಪುಣೆ ಆಕಾಶವಾಣಿ ಯುನೆಸ್ಕೊ ಬೆಂಬಲದಿಂದ ಮರಾಠಿ ಸೀಮೆಯ ಐದು ಜಿಲ್ಲೆಗಳ ಸುಮಾರು 150 ಹಳ್ಳಿಗಳಲ್ಲಿ ರೈತರ ರೇಡಿಯೊ ಕೂಟಗಳನ್ನು ಕಟ್ಟಿತು. ವಾರಕ್ಕೆರಡು ಸಲ ಅರ್ಧ ಗಂಟೆಯ ಕಾರ್ಯಕ್ರಮ, ಹತ್ತು ವಾರದಲ್ಲಿ ಇಪ್ಪತ್ತು. ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಿಂದ ಪೌಲ್ ನ್ಯೂರಾತ್ ಅದನ್ನು ಅಳೆದರು. ಕೂಟವಿದ್ದ ಹಳ್ಳಿ, ರೇಡಿಯೊ ಇದ್ದೂ ಕೂಟವಿಲ್ಲದ ಹಳ್ಳಿ, ಎರಡೂ ಇಲ್ಲದ ಹಳ್ಳಿ ಎಂದು ಮೂರು ಬಗೆಯಲ್ಲಿ ಹೋಲಿಸಿದರು. ಕೇಳಿ ಕೂತು ಮಾತಾಡಿದ ಹಳ್ಳಿಗಳಲ್ಲಿ ತಿಳಿವಳಿಕೆ ಬಹಳ ಏರಿತ್ತು. ಬರೀ ರೇಡಿಯೊ ಇದ್ದಲ್ಲಿ ಆದ ಏರಿಕೆ ಅದರ ಹತ್ತಿರಕ್ಕೂ ಬರಲಿಲ್ಲ.

ಇವತ್ತಿನ ವಾಟ್ಸ್ಯಾಪ್ ಧ್ವನಿ ಸಂದೇಶಕ್ಕೂ ಈ ಮಾತು ಒಪ್ಪುತ್ತದೆ. ಓದಲು ಬೇಸರಪಡುವವನೂ ಬಸ್ಸಿನಲ್ಲಿ ಎರಡು ನಿಮಿಷ ಕೇಳುತ್ತಾನೆ. ಅದೂ ಕನ್ನಡದಲ್ಲಿ ಕೇಳುತ್ತಾನೆ, ಲಿಪಿಯ ತಂಟೆ ಇಲ್ಲ. ಶೆಡ್ಡಿನೊಳಗೆ ಮಾತ್ರ ಇದು ನಡೆಯದು. ಮಗ್ಗಗಳ ಸದ್ದಿನಲ್ಲಿ ಕಿವಿಯ ಹತ್ತಿರ ಕೂಗಿದರೂ ಕೇಳಿಸದು. ಧ್ವನಿಯನ್ನು ನಾನು ಪ್ರಶ್ನೆ ಕೇಳಲು ಬಳಸುತ್ತೇನೆ: "ಈ ವಾರ ಯಾರನ್ನಾದರೂ ಮೆಚ್ಚಿ ಮಾತಾಡಿದ್ರೇನು? ಏನಂದ್ರಿ? ಹೇಳಿ ಕಳಿಸ್ರಿ." ಬಂದ ಉತ್ತರಗಳೇ ಮುಂದಿನ ಕೂಟದ ಪಾಠ.

ಉಪಗ್ರಹ, ಆನ್‌ಲೈನ್ ತರಗತಿಗಳನ್ನು ಚಿಕ್ಕದಾಗಿ ಮುಗಿಸುತ್ತೇನೆ. ಮೈಸೂರಿನ ಅಬ್ದುಲ್ ನಜೀರ್ ಸಾಬ್ ಗ್ರಾಮೀಣಾಭಿವೃದ್ಧಿ ಸಂಸ್ಥೆ ಪಂಚಾಯ್ತಿ ಸದಸ್ಯರಿಗೆ ಉಪಗ್ರಹದ ಮೂಲಕ ಪಾಠ ಹೇಳಿದ್ದು ಕರ್ನಾಟಕದ ಹೆಮ್ಮೆ. ಚಿತ್ರ ಒಂದು ಕಡೆಯಿಂದ, ಮಾತು ಎರಡೂ ಕಡೆಯಿಂದ. ದೂರದವರನ್ನು ಮುಟ್ಟಲು ಅದಕ್ಕೆ ಸಾಟಿಯಿಲ್ಲ. ಅಲ್ಲಿಯೂ ಟಿವಿಯ ಮುಂದೆ ಗುಂಪು ಕೂಡಿಸಿ ಮಾತಾಡಿಸುವ ಒಬ್ಬರು ಬೇಕೇಬೇಕು. ಒಬ್ಬೊಬ್ಬರೇ ಫೋನಿನಲ್ಲಿ ಒತ್ತುತ್ತ ಮುಗಿಸುವ ಆನ್‌ಲೈನ್ ಕೋರ್ಸು ಸುರಕ್ಷತೆಯ ನಿಯಮ ಕಲಿಸಲು ಸರಿ. ನೊಂದ ಮನುಷ್ಯನ ಜತೆ ಮಾತಾಡಲು ಅದರಿಂದ ಕಲಿತವರನ್ನು ನಾನು ಕಂಡಿಲ್ಲ.

ಉಳಿದದ್ದು ತಾಲೀಮು. ಈ ಪದ ನಮ್ಮ ಸೀಮೆಗೆ ಎರಡು ಅರ್ಥದಲ್ಲಿ ಗೊತ್ತು. ಕೋಲ್ಹಾಪುರದಲ್ಲಿ ತಾಲೀಮು ಎಂದರೆ ಪೈಲ್ವಾನರ ಗರಡಿ, ಬೆಳಗಾವಿ ಕಡೆ ಪಾರಿಜಾತ, ಸಣ್ಣಾಟಗಳವರಿಗೆ ತಾಲೀಮು ಎಂದರೆ ಆಟಕ್ಕೆ ಮೊದಲಿನ ಅಭ್ಯಾಸ. ಗರಡಿಯಲ್ಲಿ ವಸ್ತಾದ ಪಟ್ಟಿನ ಮೇಲೆ ಭಾಷಣ ಮಾಡುವುದಿಲ್ಲ. ಹುಡುಗನನ್ನು ಕೆಂಪು ಮಣ್ಣಿಗೆ ಇಳಿಸಿ, ಬಿದ್ದಾಗ ಎಲ್ಲಿ ಕಾಲು ತಪ್ಪಿತೆಂದು ತೋರಿಸಿ, ಮತ್ತೆ ಎಬ್ಬಿಸುತ್ತಾನೆ. ಸುಪರ್‌ವೈಜರನಿಗೂ ಬೇಕಾದ್ದು ಇದೇ: ಬೀಳಲು ಮೆತ್ತನೆಯ ಮಣ್ಣು. ಶೆಡ್ಡಿನಲ್ಲಿ ಮೊದಲ ಸಲ ತಪ್ಪು ಮಾತಾಡಿದರೆ ಒಬ್ಬ ಕೆಲಸಗಾರ ಕೈಬಿಟ್ಟು ಹೋಗುತ್ತಾನೆ. ಕೂಟದಲ್ಲಿ ಮಾತಾಡಿದರೆ ಮತ್ತೊಮ್ಮೆ ಆಡಬಹುದು.

ದೊಡ್ಡವರು ಪಾತ್ರ ಮಾಡಲು ನಾಚುತ್ತಾರೆ. ಅದಕ್ಕೆ ನನಗೆ ದಕ್ಕಿದ ಉಪಾಯ, ಮೊದಲು ಅವರಿಗೆ ಕೆಲಸಗಾರನ ಪಾತ್ರ ಕೊಡುವುದು. ಅದನ್ನು ಎಲ್ಲರೂ ಉತ್ಸಾಹದಿಂದ ಮಾಡುತ್ತಾರೆ, ಏಕೆಂದರೆ ಎಲ್ಲರೂ ಒಂದು ಕಾಲಕ್ಕೆ ಬೈಸಿಕೊಂಡವರು. ಬೈಸಿಕೊಳ್ಳುವ ಜಾಗದಲ್ಲಿ ನಿಂತವನಿಗೆ ಬೈಯುವವನ ಧ್ವನಿ ಹೇಗೆ ಕೇಳಿಸುತ್ತದೆಂದು ತಟ್ಟನೆ ತಿಳಿಯುತ್ತದೆ. ಮೂವರ ಗುಂಪು ಒಳ್ಳೆಯದು: ಒಬ್ಬ ಸುಪರ್‌ವೈಜರ್, ಒಬ್ಬ ಕೆಲಸಗಾರ, ಮೂರನೆಯವನು ಕಾರ್ಡು ಹಿಡಿದು ನೋಡುವವನು. ಆಟ ಮೂರು ನಿಮಿಷ, ಮಾತು ಐದು ನಿಮಿಷ. ನೋಡಿದವನು ಮೊದಲು ಸರಿಯಾದದ್ದೊಂದನ್ನು ಹೇಳಬೇಕು, ಆಮೇಲೆ ಬದಲಿಸಬೇಕಾದ್ದು ಒಂದನ್ನೇ ಹೇಳಬೇಕು. ಎರಡು ಹೇಳಿದರೆ ಎರಡೂ ಉಳಿಯುವುದಿಲ್ಲ.

ತಾಲೀಮಿಗೆ ಯಾರನ್ನು ಕಳಿಸಬೇಕು ಎಂಬುದರಲ್ಲೂ ನಮ್ಮ ಅಂದಾಜು ತಪ್ಪುತ್ತದೆ. ಶಾಹಿ ಎಕ್ಸ್‌ಪೋರ್ಟ್ಸ್ ಕಂಪನಿಯ ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಹೊಲಿಗೆ ಸಾಲಿನ ಸುಪರ್‌ವೈಜರರಿಗೆ 'ಸ್ಟಿಚ್' ಎಂಬ ತರಬೇತಿ ನಡೆಯಿತು. ಅಚ್ಯುತ ಅಧ್ವರ್ಯು, ಅನಂತ್ ನಿಷಾಧಂ ಮತ್ತು ಜತೆಗಾರರು ಅದನ್ನು ಅಧ್ಯಯನ ಮಾಡಿದರು. ಯಾರಿಗೆ ತರಬೇತಿ ಕೊಟ್ಟರೆ ಲಾಭವೆಂದು ಮೇಲಿನ ಮ್ಯಾನೇಜರರನ್ನು ಮೊದಲೇ ಕೇಳಿಟ್ಟುಕೊಂಡು, ಆಯ್ಕೆಯನ್ನು ಲಾಟರಿಗೆ ಬಿಟ್ಟರು. ಉತ್ಪಾದನೆ ಹೆಚ್ಚಿದ್ದು ಮ್ಯಾನೇಜರರು ಕೆಳಗಿಟ್ಟಿದ್ದ ಸುಪರ್‌ವೈಜರರ ಸಾಲುಗಳಲ್ಲಿ. ಅವರು ಮೇಲಿಟ್ಟಿದ್ದವರಿಂದ ಅಂಥ ಲಾಭ ಕಾಣಲಿಲ್ಲ. ಚಲೋ ಹುಡುಗನನ್ನೇ ಎಲ್ಲ ಟ್ರೇನಿಂಗಿಗೂ ಕಳಿಸುವ ನಮ್ಮ ಕಾರ್ಖಾನೆಗಳ ಮಾಲೀಕರು ಇದನ್ನೊಮ್ಮೆ ಯೋಚಿಸಬೇಕು.

ನಾಳೆ ಮಹಾಗಾಂವದಲ್ಲಿ ಹತ್ತು ಜನ ಸಿಕ್ಕರೆ ನಾನು ಮಾಡುವುದು ಹೀಗೆ. ವಾರದ ರಜೆಯ ದಿನ ಬೇಡ, ಅದು ಮನೆಯ ದಿನ. ಪಾಳಿ ಬದಲಾಗುವ ಹೊತ್ತಿಗೆ ಎರಡು ಗಂಟೆ ಮಾಲೀಕರಿಂದ ಕೇಳಿ ಪಡೆಯಬೇಕು, ಪಗಾರ ಕಡಿಯದಂತೆ. ಮೊದಲ ದಿನ ದಾರದ ಗಂಟು. ಓದಿಸಿ, ನೋಡಿಸಿ, ಮಾಡಿಸಿ. ಎರಡನೇ ವಾರದಿಂದ ಅವರೇ ತಂದ ಪ್ರಸಂಗ, ಅವರದೇ ಫೋನಿನಲ್ಲಿ ತಪ್ಪು-ಸರಿ ಎರಡು ಚಿತ್ರ, ಉಳಿದ ಒಂದೂಕಾಲು ಗಂಟೆ ಮೂವರ ತಾಲೀಮು. ಕಿಸೆಗೆ ಮರಾಠಿ ಕಾರ್ಡು, ವಾರದ ನಡುವೆ ಕನ್ನಡದ ಧ್ವನಿ. ನಾಲ್ಕನೇ ವಾರ ಅವರ ಸಾಹೇಬರೂ ಬಂದು ಕೆಲಸಗಾರನ ಪಾತ್ರ ಮಾಡಬೇಕು. ಎಂಟನೇ ವಾರ ಪ್ರಮಾಣಪತ್ರ ಹಂಚುವ ಸಮಾರಂಭ ಇಡುವುದಿಲ್ಲ. ಆ ಹೊತ್ತಿಗೆ ಚಹಾದ ವೇಳೆಗೆ ಶೆಡ್ಡಿಗೆ ಹೋಗಿ ನೀರಿನ ಟಾಕಿಯ ಆಚೆ ನಿಲ್ಲುತ್ತೇನೆ, ಯಾರು ಯಾರನ್ನು ಪಕ್ಕಕ್ಕೆ ಕರೆಯುತ್ತಾರೆ, ಕೇಳಿದ ಮೇಲೆ ಎಷ್ಟು ಹೊತ್ತು ಸುಮ್ಮನಿರುತ್ತಾರೆ ಎಂದು ನೋಡಲು.